ಬಂದವರಿಗೆ ತೋರಿಸಿದ ನೀರು

ನಮ್ಮ ಗುಡ್ಡದ ಬದಿಯ ಮನೆಗಳಿಗೆ ಸಂಬಂಧ ಕೇಳಲು ಬಂದವರು ಜಗಲಿಯಲ್ಲಿ ಕೂತು ಮಾತು ತೆಗೆಯುವ ಮೊದಲು ಒಮ್ಮೆ ಹಿತ್ತಿಲಿಗೆ ಹೋಗಿ ಬರುತ್ತಾರೆ. ಕೈಕಾಲು ತೊಳೆಯುವ ನೆವ. ನಿಜವಾಗಿ ಅವರು ನೋಡುವುದು ಸುರಂಗದ ಬಾಯಲ್ಲಿ ನೀರು ಎಷ್ಟು ಬೀಳುತ್ತದೆ ಎಂದು. ಹುಡುಗನಿಗೆ ಸಿಟ್ಟು ಸ್ವಲ್ಪ ಜಾಸ್ತಿ, ಅತ್ತೆಯ ನಾಲಗೆ ಸ್ವಲ್ಪ ಉದ್ದ ಎಂಬುದೆಲ್ಲ ಆಮೇಲಿನ ಮಾತು. ನೀರಿಲ್ಲದ ಮನೆಗೆ ಹೆಣ್ಣು ಕೊಡುವವರು ನಮ್ಮಲ್ಲಿ ಇಲ್ಲ.

ಸುರಂಗ ಎಂದರೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ತೋಡಿದ ಬಾವಿ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ, ಎರಡು ಭುಜ ತಾಗುವಷ್ಟು ಅಗಲ. ಕೆಂಪು ಮುರಕಲ್ಲನ್ನು ಕೊರೆಯುತ್ತ ಒಳಗೆ ಹೋದರೆ ಎಲ್ಲೋ ಒಂದು ಕಡೆ ಗೋಡೆ ಬೆವರಲು ತೊಡಗುತ್ತದೆ. ಆ ನೀರು ನೆಲದಲ್ಲಿ ಹರಿದು ಬಾಯಿಗೆ ಬರುತ್ತದೆ. ಅಲ್ಲಿ ಒಂದು ಮಣ್ಣಿನ ಕಟ್ಟ, ಕಟ್ಟಕ್ಕೆ ಒಂದು ಪೈಪು, ಪೈಪಿನ ಕೆಳಗೆ ನೀರು ತುಂಬುವ ಗುಂಡಿ. ಪಂಪು ಬೇಡ, ಕರೆಂಟು ಬೇಡ. ಹೊರಗಿನಿಂದ ಬಂದವರು ಇದನ್ನು ಕಂಡು ಬೆರಗಾಗಿ ಫೋಟೋ ತೆಗೆಯುತ್ತಾರೆ. ನಮಗೆ ಅದು ಪೇಟೆಯವರಿಗೆ ನಲ್ಲಿ ಇದ್ದ ಹಾಗೆ.

ಅಕ್ಕನನ್ನು ಗುಡ್ಡದ ಬದಿಯ ಅಂಥ ಒಂದು ಮನೆಗೆ ಕೊಡುವ ಮಾತು ಬಂದಾಗ ಅಪ್ಪ ಬೇಕೆಂದೇ ತುಳುವರ ಸುಗ್ಗಿ ತಿಂಗಳ ಸುಡುಬಿಸಿಲಿನಲ್ಲಿ ಹೋಗಿದ್ದರು. ನೀರಿನ ಬಂಡವಾಳ ಗೊತ್ತಾಗುವುದು ಆಗಲೇ. ಪೈಪಿನಿಂದ ನೀರು ತೋಳಿನಷ್ಟು ದಪ್ಪಕ್ಕೆ ಧುಮುಕುತ್ತಿತ್ತು. ಅಪ್ಪ ಬೊಗಸೆ ಒಡ್ಡಿ ಕುಡಿದರು, ಮುಖ ತೊಳೆದರು, ಹೆಗಲ ಮೇಲಿನ ಬೈರಾಸಿನಲ್ಲಿ ಒರೆಸಿಕೊಂಡು ಅಲ್ಲೇ ಒಪ್ಪಿಬಿಟ್ಟರು. ಮದುವೆಯಾದ ಮೊದಲ ಬೇಸಿಗೆಯಲ್ಲಿ ತವರಿಗೆ ಬಂದ ಅಕ್ಕ ಅಡುಗೆಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವಳ ಅತ್ತೆ ಪೈಪಿಗೆ ತೆಂಗಿನ ಸಿಪ್ಪೆಯ ಬೆಣೆ ಬಡಿದು ಕೆಲವು ದಿನ ನೀರನ್ನು ಕಟ್ಟದ ಒಳಗೆ ನಿಲ್ಲಿಸಿದ್ದರಂತೆ. ಅಪ್ಪ ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಸರಿಯಾಗಿ ಬೆಣೆ ಕಿತ್ತದ್ದು. ಮರುದಿನದಿಂದ ಪುನಃ ಕಿರುಬೆರಳಿನಷ್ಟು. ಅಮ್ಮ ನಗಲಿಲ್ಲ. ನಿನ್ನನ್ನು ನೋಡಲಿಕ್ಕೆ ಜನ ಬರುವಾಗ ನಾನು ಮಾಡಿದ್ದೂ ಅದನ್ನೇ, ಅಪ್ಪನಿಗೆ ಇದೆಲ್ಲ ಗೊತ್ತಿಲ್ಲ ಅಂತ ತಿಳಿದೆಯಾ ಎಂದು ಕೇಳಿದಳು. ಇದನ್ನು ಮೋಸ ಎಂದು ಯಾರೂ ಎಣಿಸುವುದಿಲ್ಲ. ನೆಂಟರು ಬರುವಾಗ ಅಂಗಳ ಗುಡಿಸಿ ಸಾರಿಸುತ್ತೇವಲ್ಲ, ಹಾಗೆ.

ಅಕ್ಕನ ಮನೆಯ ಗುಡ್ಡದ ಆಚೆ ಬದಿಯಲ್ಲಿ ಜೇಡಿಮಣ್ಣಿನ ಗಣಿ ಇದೆ. ಮುರಕಲ್ಲಿನ ಪದರದ ಕೆಳಗೆ ಬಿಳಿಯ ಜೇಡಿ. ಮಳೆಯ ನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು ಈ ಜೇಡಿಯ ಮೇಲೆ ಬಂದು ನಿಲ್ಲುತ್ತದೆ, ಅಲ್ಲಿಂದ ಮೆಲ್ಲಗೆ ಸುರಂಗಗಳಿಗೆ ಒಸರುತ್ತದೆ. ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು ನಾನು. ಈ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದು ಬರೆದು ನನ್ನ ಕೈ ಸವೆದಿದೆ. ಪಾತ್ರೆಯ ತಳಕ್ಕೆ ತೂತು ಹಾಕಿದರೆ ಏನಾಗುತ್ತದೆ ಎಂದು ಮಕ್ಕಳನ್ನು ಕೇಳುತ್ತಿದ್ದೆ. ಅವರು ಸರಿಯಾಗಿಯೇ ಉತ್ತರ ಹೇಳುತ್ತಿದ್ದರು.

ಗಣಿಯನ್ನು ಇನ್ನಷ್ಟು ಆಳಕ್ಕೆ, ಗುಡ್ಡದ ಈಚೆ ಬದಿಯ ಕಡೆಗೆ ವಿಸ್ತರಿಸುತ್ತಾರೆ ಎಂಬ ಸುದ್ದಿ ಬಂತು. ಅದಕ್ಕೆ ಮೊದಲು ಪರಿಸರದ ಮೇಲೆ ಆಗುವ ಪರಿಣಾಮವನ್ನು ಅಳೆಯಬೇಕಂತೆ, ಅಳೆಯುವ ತಂಡ ಬರುತ್ತದಂತೆ. ಮಂಜೇಶ್ವರದ ಕಡೆಯ ನಮ್ಮ ಗಡಿನಾಡಿನಲ್ಲಿ ಒಂದು ಮನೆಯಲ್ಲಿ ತುಳು, ಅದರ ಕೆಳಗಿನ ಮನೆಯಲ್ಲಿ ಬ್ಯಾರಿ, ಆಚೆಗೆ ಮರಾಟಿ. ಬಂದವರಿಗೆ ಗೊತ್ತಿರುವುದು ಮಲಯಾಳ ಮತ್ತು ಇಂಗ್ಲಿಷು. ನಡುವೆ ನಿಲ್ಲಲು ಒಬ್ಬ ಬೇಕೆಂದು ನನ್ನನ್ನು ಕರೆದರು. ನಾನು ಖುಷಿಯಿಂದ ಹೋದೆ. ಜೀವಮಾನವಿಡೀ ಅಳತೆಯನ್ನು ಕಲಿಸಿದವನಿಗೆ, ಅಳೆಯಲು ಬಂದವರ ಮೇಲೆ ನಂಬಿಕೆ ಇರುವುದು ಸಹಜವಲ್ಲವೇ.

ತಂಡದ ಮುಖ್ಯಸ್ಥರು ಪಾಲಕ್ಕಾಡಿನ ಕಡೆಯ ಹಿರಿಯರು, ಒಳ್ಳೆಯ ಮನುಷ್ಯ. ಬಹಳ ವರ್ಷ ಉತ್ತರದ ಕಲ್ಲಿದ್ದಲು ಗಣಿಗಳಲ್ಲಿ ಇದೇ ಕೆಲಸ ಮಾಡಿದ್ದರು. ನೆಲದಡಿಯ ಗಣಿಯನ್ನು ಮುಂದಕ್ಕೆ ಕೊರೆಯುವಾಗ ಮೇಲಿನ ಹಳ್ಳಿಗಳ ಬಾವಿಗಳು ಹೇಗೆ ಒಂದೊಂದಾಗಿ ತಳ ಕಾಣುತ್ತವೆ ಎಂದು ಜೀಪಿನಲ್ಲಿ ವಿವರಿಸಿದರು. ಅಲ್ಲಿ ನೀರೇ ವೈರಿ, ಹಗಲೂ ರಾತ್ರಿ ಪಂಪು ಮಾಡಿ ಹೊರಗೆ ಚೆಲ್ಲುವುದೇ ಕೆಲಸ. ನೀರು ಬೇಕೆಂದೇ ಸುರಂಗ ಕೊರೆಯುವವರನ್ನು ನೋಡುತ್ತಿರುವುದು ಇದೇ ಮೊದಲು ಎಂದು ನಕ್ಕರು. ಇಂಥವರ ಕೈಗೆ ನಮ್ಮ ಗುಡ್ಡ ಸಿಕ್ಕಿದೆಯಲ್ಲ, ಇನ್ನು ಚಿಂತೆಯಿಲ್ಲ ಎಂದುಕೊಂಡೆ.

ಮೊದಲ ದಿನ ನಾನು ಅವರ ಸಹಾಯಕರ ಜೊತೆ ಗಣಿಯ ಬದಿಗೆ ಹೋದೆ. ಮುಖ್ಯಸ್ಥರು ಮಲಯಾಳ ಬಲ್ಲ ಅಕ್ಕನ ಗಂಡ, ನಮ್ಮ ಭಾವನನ್ನು ಕರೆದುಕೊಂಡು ಈಚೆ ಬದಿಯ ಸುರಂಗಗಳನ್ನು ನೋಡಿದರು. ಅದು ಸುಗ್ಗಿಯ ನಂತರದ ಪಗ್ಗು ತಿಂಗಳು. ವಿಷು ಕಳೆದು, ಮಳೆಗಾಲದ ಬಾಗಿಲಿನ ಪತ್ತನಾಜೆ ಇನ್ನೂ ದೂರ ಇದ್ದ ಕಡು ಬೇಸಿಗೆ. ನೀರು ಅತಿ ಕಡಿಮೆ ಇರುವಾಗ ಅಳೆಯಬೇಕೆಂದು ಅವರೇ ಆ ಸಮಯ ಆರಿಸಿದ್ದರು. ಅಳೆಯುವ ಕ್ರಮ ಸರಳ: ಪೈಪಿನ ಕೆಳಗೆ ಬಕೆಟ್ ಹಿಡಿಯುವುದು, ತುಂಬಲು ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡುವುದು. ಸಂಜೆ ಚಹಾ ಕುಡಿಯುವಾಗ ಅವರು ನನ್ನ ಬೆನ್ನು ತಟ್ಟಿದರು.

"ಮಾಷೇ, ನಿಮ್ಮ ಅಕ್ಕನ ಮನೆಯ ನೀರು ನೋಡಿದೆ. ಗಡಿಯಾರ ಒತ್ತುವ ಮೊದಲೇ ಬಕೆಟ್ ತುಂಬಿಬಿಟ್ಟಿತು."

ಕೆಳಗಿನ ಮನೆ, ಮೇಲಿನ ಮನೆ, ತೋಡಿನಾಚೆಯ ಮನೆಗಳೆಲ್ಲ ಹೇಗಿದ್ದವು ಎಂದು ಕೇಳಿದೆ. ಎಲ್ಲ ಕಡೆಯೂ ಸಮೃದ್ಧಿ, ಈ ಬಿಸಿಲಿನಲ್ಲಿ ನಂಬಲಿಕ್ಕೇ ಆಗುವುದಿಲ್ಲ ಎಂದರು. ನಂಬಬೇಡಿ ಎಂದು ನಾನು ಅಲ್ಲೇ ಹೇಳಿದೆ. ಸಿಪ್ಪೆಯ ಬೆಣೆಯ ಕಥೆಯನ್ನು, ನಮ್ಮ ಅಪ್ಪ ಮುಖ ತೊಳೆದುಕೊಂಡ ಕಥೆಯನ್ನು ಬಿಡಿಸಿ ಹೇಳಿದೆ. ಅವರು ಗ್ಲಾಸು ಕೆಳಗಿಟ್ಟು ಕೇಳಿಸಿಕೊಂಡರು. ನಾಳೆ ಪುನಃ ಹೋಗುವ, ನೀವೂ ಬನ್ನಿ ಎಂದರು.

ಮರುದಿನ ನಾವು ಹೋದಾಗ ಅಕ್ಕ ಮಲ್ಲಿಗೆ ಕೊಯ್ಯುತ್ತಿದ್ದಳು. ಅವಳ ಹಿತ್ತಿಲ ತುಂಬ ಮಲ್ಲಿಗೆ ಗಿಡಗಳು. ದಿನವೂ ಕಟ್ಟಿ ಬಸ್ಸಿನಲ್ಲಿ ಮಂಜೇಶ್ವರಕ್ಕೆ ಕಳಿಸುತ್ತಾಳೆ, ಅಲ್ಲಿಂದ ಮಂಗಳೂರಿಗೆ ಹೋಗುತ್ತದೆ. ಮೈಮುರಿದು ದುಡಿಯುವ ಬಲ ಭಾವನಿಗೆ ಕಡಿಮೆಯಾದ ಮೇಲೆ ಆ ಮನೆ ನಡೆಯುವುದು ಆ ಗಿಡಗಳಿಂದ, ಗಿಡಗಳು ಬದುಕುವುದು ಆ ಸುರಂಗದಿಂದ. ಬೋರ್‌ವೆಲ್ ಕೊರೆಸಿ ನೋಡಿದ್ದರು. ಬಿಳಿ ಹುಡಿ ಬಂತೇ ಹೊರತು ನೀರು ಬರಲಿಲ್ಲ. ನೀರು ಹೋದರೆ ಅವಳಿಗೆ ಬೇರೆ ದಾರಿ ಇಲ್ಲ. ಇದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತು.

ಪೈಪು ಆಗಲೂ ಜೋರಾಗಿ ಸುರಿಯುತ್ತಿತ್ತು. ನಮ್ಮ ಜೀಪು ಗುಡ್ಡ ಹತ್ತುವ ಸದ್ದು ಈಚೆಗೆ ಮೊದಲೇ ಕೇಳುತ್ತದಲ್ಲ. ರಾತ್ರಿಯಿಡೀ ಬಡಿದಿಟ್ಟಿದ್ದ ಬೆಣೆಯನ್ನು ಅಕ್ಕ ಆ ಸದ್ದಿಗೆ ಕಿತ್ತಿದ್ದಳು. ಮುಖ್ಯಸ್ಥರು ವಿನಯದಿಂದಲೇ ಕೇಳಿದರು, ನಾನು ತುಳುವಿಗೆ ತಿರುಗಿಸಿದೆ: ಯಾವಾಗಲೂ ನೀರು ಇಷ್ಟೇ ಇರುತ್ತದಾ? ಅಕ್ಕ ನನ್ನ ಮುಖ ನೋಡಲಿಲ್ಲ. ಯಾವಾಗಲೂ ಹೀಗೇ, ದೇವರು ನೀರಿಗೆ ಕಡಿಮೆ ಮಾಡಲಿಲ್ಲ ಎಂದಳು. ಬಂದವರಿಗೆಲ್ಲ ಮಜ್ಜಿಗೆ ಕೊಟ್ಟಳು.

ನಾನು ಅಡುಗೆಮನೆಗೆ ನುಗ್ಗಿ ರೇಗಾಡಿದೆ. ನಿನ್ನ ತಲೆ ಕೆಟ್ಟಿದೆಯಾ, ಇವರು ಹೆಣ್ಣು ಕೇಳಲು ಬಂದವರಲ್ಲ, ನೀರು ಧಾರಾಳ ಇದೆ ಎಂದು ಬರೆದುಕೊಂಡು ಹೋಗುತ್ತಾರೆ, ಅಗೆದರೂ ಏನೂ ಆಗುವುದಿಲ್ಲ ಎಂದು ಬರೆಯುತ್ತಾರೆ ಎಂದೆಲ್ಲ ಕೂಗಿದೆ. ಮೇಷ್ಟ್ರಾದವರಿಗೆ ಮೆಲ್ಲಗೆ ಹೇಳಿ ಅಭ್ಯಾಸವಿಲ್ಲ. ಅಕ್ಕ ಹೂ ಕಟ್ಟುವ ಬಾಳೆನಾರನ್ನು ನೀರಿನಲ್ಲಿ ಅದ್ದಿಟ್ಟಳು. ಆಮೇಲೆ ತಲೆ ಎತ್ತಿದಳು.

"ಕಿರುಬೆರಳಿನಷ್ಟು ನೀರು ತೋರಿಸಿದ್ರೆ ಎಂತ ಬರೀತಿದ್ರು ಹೇಳು ಮಾರಾಯ. ಇಲ್ಲಿ ಹೇಗೂ ನೀರಿಲ್ಲ, ಅಗೆದ್ರೆ ಹೋಗ್ಲಿಕ್ಕೆ ಎಂತ ಉಂಟು ಅಂತ ಬರೀತಿರ್ಲಿಲ್ವಾ?"

ಅವಳು ಇನ್ನೊಂದು ಮಾತನ್ನೂ ಸೇರಿಸಿದಳು: ಮನೆಗೆ ಬಂದವರ ಎದುರು ನೀರಿಲ್ಲ ಎಂದು ಇಷ್ಟು ವರ್ಷ ಹೇಳಿದವಳಲ್ಲ, ಇನ್ನು ಹೇಳಲಿಕ್ಕೆ ಬಾಯಿ ಬರುವುದಿಲ್ಲ.

ಹಿಂದಿರುಗುವಾಗ ಮುಖ್ಯಸ್ಥರು, ತಾನು ಬರೆಯಬೇಕಾದದ್ದು ಬಕೆಟ್ಟು ಹೇಳಿದ್ದನ್ನೋ ನಾನು ಹೇಳಿದ್ದನ್ನೋ ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದರು. ಬೆಣೆ ತೆಗೆದು, ನೀರು ತನ್ನ ಪಾಡಿಗೆ ಬರುವವರೆಗೆ ಕಾದು ಅಳೆಯಿರಿ ಎಂದೆ. ಅಷ್ಟು ದಿನ ಕಾಯಲು ಅವರಿಗೆ ಸಮಯ ಕೊಟ್ಟಿರಲಿಲ್ಲ. ಮತ್ತೆ ಯಾರ ಅಂಗಳದಲ್ಲಿ ಕಾಯುವುದು? ಮನೆಯವರೇ ಇದು ನಮ್ಮ ನೀರು ಎನ್ನುವಾಗ ಸುಳ್ಳು ಎನ್ನುವುದು ಹೇಗೆ? ನೀರು ಏರಿಳಿಯಬಹುದೆಂದು ಊರಿನವರೊಬ್ಬರು ಹೇಳುತ್ತಾರೆ ಅಂತ ಒಂದು ವಾಕ್ಯ ಸೇರಿಸುತ್ತೇನೆ ಎಂದರು. ಸೇರಿಸಿದರು ಕೂಡ. ದಪ್ಪ ವರದಿ ಬಂದ ಮೇಲೆ ಪಂಚಾಯತ್ ಕಚೇರಿಯಲ್ಲಿ ಕೂತು ಹುಡುಕಿದೆ. ಎಲ್ಲೋ ಹಿಂದೆ, ಗಿಡಮರಗಳ ವಿವರ ಮುಗಿದ ಮೇಲೆ ಆ ವಾಕ್ಯ ಇತ್ತು. ಆರಂಭದ ಪುಟಗಳಲ್ಲಿ ಮಾತ್ರ, ಈ ಬದಿಯ ಸುರಂಗಗಳಲ್ಲಿ ಕಡು ಬೇಸಿಗೆಯಲ್ಲೂ ನೀರು ಸಮೃದ್ಧವಾಗಿರುವುದರಿಂದ ಗಣಿಯ ವಿಸ್ತರಣೆಯಿಂದ ಗಮನಾರ್ಹ ಪರಿಣಾಮ ಆಗಲಾರದು ಎಂದಿತ್ತು.

ಮುಂದಿನ ಬೇಸಿಗೆ ಬಂತು. ಈಗಿರುವ ಗಣಿಯಲ್ಲೇ ಪಂಪು ಹೆಚ್ಚು ಹೊತ್ತು ಓಡುತ್ತಿತ್ತು. ಗಾಳಿ ಆಚೆಯಿಂದ ಬೀಸಿದರೆ ಅಕ್ಕನ ಅಂಗಳದಲ್ಲಿ ಅದರ ಗುಡುಗುಡು ಕೇಳುತ್ತಿತ್ತು. ಶಿವರಾತ್ರಿಯ ಹೊತ್ತಿಗೇ ಅವಳ ಸುರಂಗ ಕಿರುಬೆರಳಿನಿಂದ ದಾರಕ್ಕೆ ಇಳಿಯಿತು. ಗಣಿಯಿಂದಲೇ ಎಂದು ನಾನು ಖಡಾಖಂಡಿತ ಹೇಳಲಾರೆ, ಮಳೆಯೂ ಹಿಂದಿನ ವರ್ಷ ಬೇಗ ಬಿಟ್ಟಿತ್ತು. ಸುಗ್ಗಿ ತಿಂಗಳು ಮುಗಿಯುವಾಗ ಆ ದಾರವೂ ಕಡಿದುಹೋಯಿತು. ನಾನೇ ಟಾರ್ಚು ಹಿಡಿದು ಒಳಗೆ ಹೋಗಿ ಗೋಡೆ ಮುಟ್ಟಿ ನೋಡಿದೆ. ಬೆರಳಿಗೆ ಹುಡಿ ಹತ್ತಿತು. ಹೊರಗೆ ಕಾಯುತ್ತಿದ್ದ ಅಕ್ಕನಿಗೆ ಏನು ಹೇಳುವುದೆಂದು ತೋಚದೆ ಒಳಗೇ ಸ್ವಲ್ಪ ಹೊತ್ತು ಕೂತಿದ್ದೆ. ನನಗೆ ಅಳು ಬಂತು, ಹೇಳಲು ನಾಚಿಕೆಯೇನಿಲ್ಲ.

ಪಂಚಾಯತಿನ ನೀರಿನ ಲಾರಿ ಬರುವುದು ಕೆಳಗಿನ ರಸ್ತೆಯವರೆಗೆ. ಅಕ್ಕ ಅಲ್ಲಿಂದ ಕೊಡದಲ್ಲಿ ಹೊತ್ತು ತರುತ್ತಿದ್ದಳು, ಅದೂ ಊರವರು ಮಲಗಿದ ಮಧ್ಯಾಹ್ನದ ಹೊತ್ತು ನೋಡಿ. ಮಲ್ಲಿಗೆ ಗಿಡಗಳ ಎಲೆ ಮುದುರಿ ಹೋದವು. ಬುಡಕ್ಕೆ ಪಾತ್ರೆ ತೊಳೆದ ನೀರು ಹಾಕಿ ಕೆಲವನ್ನು ಉಳಿಸಿಕೊಂಡಳು.

ಗಣಿ ವಿಸ್ತರಣೆಯ ಬಗ್ಗೆ ಜನರ ಅಹವಾಲು ಕೇಳುವ ಸಭೆ ಆ ಹೊತ್ತಿಗೇ ಬಂತು. ನಾನು ಬಾ ಎಂದು ಕರೆಯಲಿಲ್ಲ. ಅವಳೇ ಬೆಳಿಗ್ಗೆ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು. ನಾನು ಹೇಳ್ತೇನೆ ಎಂದಳು. ಅಷ್ಟೇ.

ಸಭಾಭವನ ತುಂಬಿತ್ತು. ವೇದಿಕೆಯಲ್ಲಿ ಸಭೆ ನಡೆಸುವ ಅಧಿಕಾರಿ, ಅವರ ಪಕ್ಕದಲ್ಲಿ ಕಂಪನಿಯವರು, ಕೊನೆಯ ಕುರ್ಚಿಯಲ್ಲಿ ನಮ್ಮ ಪಾಲಕ್ಕಾಡಿನ ಹಿರಿಯರು. ಹಿಂದಿನ ಕೋಣೆಯಿಂದ ಬಿರಿಯಾನಿಯ ಪರಿಮಳ ಬರುತ್ತಿತ್ತು, ಮಾತಾಡುವವರೆಲ್ಲ ಸ್ವಲ್ಪ ಅವಸರದಲ್ಲೇ ಮಾತಾಡಿದರು. ಗುಡ್ಡದ ಈಚೆ ಬದಿಯ ಎಲ್ಲ ಮನೆಯವರೂ ಬಂದಿದ್ದರು. ಅಕ್ಕನ ಕೆಳಗಿನ ಮನೆಯ ಬ್ಯಾರಿ ದಂಪತಿ ನಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದರು. ಗಂಡ ಗಲ್ಫಿನಲ್ಲಿ ದುಡಿದು ಬಂದು ಊರಿನಲ್ಲಿ ಅಂಗಡಿ ಇಟ್ಟವರು, ಎಲ್ಲರಿಗೂ ಕಾಕ. ಅವರ ಮಗನಿಗೆ ಉಪ್ಪಳದ ಕಡೆಯಿಂದ ಸಂಬಂಧ ಮಾತಾಡುತ್ತಿದ್ದರು.

ಅಕ್ಕನ ಸರದಿ ಬಂದಾಗ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ತಡವರಿಸದೆ ಹೇಳಿದಳು: ನಮ್ಮ ಮನೆಯಲ್ಲಿ ನೀರಿಲ್ಲ, ಸುರಂಗ ಬತ್ತಿದೆ, ಗಿಡಗಳು ಸತ್ತವು, ಇನ್ನೂ ಅಗೆದರೆ ನಮಗೆ ಎದ್ದು ಹೋಗಬೇಕಾಗುತ್ತದೆ. ಇಷ್ಟು ವರ್ಷಗಳಲ್ಲಿ ಅವಳ ಬಾಯಿಂದ 'ನೀರಿಲ್ಲ' ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅಧಿಕಾರಿಗೆ ಕನ್ನಡ ಬರುತ್ತಿತ್ತು, ಪುಣ್ಯಕ್ಕೆ. ವರದಿ ತಿರುವಿ ಮನೆ ಯಾವುದೆಂದು ಕೇಳಿ, ಬೆರಳಿಟ್ಟು ಓದಿದರು. ದನಿಯಲ್ಲಿ ಗದರಿಕೆ ಇರಲಿಲ್ಲ.

"ಅಮ್ಮಾ, ಈ ಗುಡ್ಡದಲ್ಲಿ ಎಲ್ಲರಿಗಿಂತ ಜಾಸ್ತಿ ನೀರು ನಿಮ್ಮಲ್ಲೇ ಅಂತ ಉಂಟಲ್ಲ ಇಲ್ಲಿ."

ಹಿಂದಿನ ಸಾಲುಗಳಲ್ಲಿ ಯಾರೋ ನಕ್ಕರು. ಅಕ್ಕನ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ಅದು ನಾನು ಬೆಣೆ ಬಡಿದು ನಿಲ್ಲಿಸಿದ್ದ ನೀರು ಎಂದು ಅವಳು ಹೇಳಿದಳು. ಯಾಕೆ ಎಂದು ಅಧಿಕಾರಿ ಕೇಳಿದರು. ಬಂದವರಿಗೆ ತೋರಿಸಲಿಕ್ಕೆ ಎಂದಳು. ಅವರಿಗೆ ಅರ್ಥವಾಗಲಿಲ್ಲ, ಹೇಗೆ ಆದೀತು? ಹಾಗಾದರೆ ಆಗ ಹೇಳಿದ್ದು ಸುಳ್ಳು, ಈಗ ಹೇಳುವುದು ನಿಜ, ಇದನ್ನು ಯಾವ ಆಧಾರದ ಮೇಲೆ ಬರೆದುಕೊಳ್ಳುವುದಮ್ಮ ಎಂದರು. ನಾನು ಎದ್ದು ನಿಂತು ಎಲ್ಲ ವಿವರಿಸಲು ಹೋದೆ. ನೀವು ಅವರ ತಮ್ಮನಲ್ಲವೇ ಎಂದು ಕಂಪನಿಯವರು ಕೇಳಿದರು. ಹೌದು, ತಮ್ಮನೇ. ಪಾಲಕ್ಕಾಡಿನ ಹಿರಿಯರು ಮೈಕು ಎಳೆದುಕೊಂಡು, ಈ ಬಗ್ಗೆ ವರದಿಯಲ್ಲಿ ಒಂದು ವಾಕ್ಯ ಉಂಟು ಎಂದರು. ಅದು ಆಗಲೇ ದಾಖಲಾಗಿದೆ ಎಂದು ಅಧಿಕಾರಿ ಒಪ್ಪಿಕೊಂಡರು. ಹಿರಿಯರು ತಲೆ ತಗ್ಗಿಸಿದರು.

ಈಗ ಉಳಿದ ಮನೆಯವರಲ್ಲಿ ಒಬ್ಬರು ಎದ್ದು, ನಮ್ಮದೂ ಹಾಗೆಯೇ, ನಾವೂ ಕಟ್ಟಿ ನಿಲ್ಲಿಸಿದ್ದೇ ಎಂದಿದ್ದರೆ ಸಾಕಿತ್ತು. ನಾನು ಹಿಂದಕ್ಕೆ ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡಿದೆ. ತೋಡಿನಾಚೆಯವರು ಫ್ಯಾನು ನೋಡುತ್ತಿದ್ದರು. ಕಾಕ ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು. ಅವರ ಹೆಂಡತಿ ಅಂಗಿಯ ತುದಿ ಹಿಡಿದದ್ದನ್ನು ನಾನು ಕಂಡೆ. ಉಪ್ಪಳದವರಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು ಬೇಕು? ಕಾಕ ಕೂತರು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು, ಆ ಸಿಟ್ಟನ್ನು ಇಟ್ಟುಕೊಳ್ಳಲೂ ಆಗಲಿಲ್ಲ. ನನ್ನ ಅಮ್ಮನಾಗಿದ್ದರೂ ಅಂಗಿ ಹಿಡಿದು ಕೂರಿಸುತ್ತಿದ್ದಳು. ಅಧಿಕಾರಿ ಮುಂದಿನವರನ್ನು ಕರೆದರು.

ಬಿರಿಯಾನಿಗೆ ನಾವು ನಿಲ್ಲಲಿಲ್ಲ. ಬಸ್ಸಿನಲ್ಲಿ ಅಕ್ಕ ಕಿಟಕಿಯ ಬದಿಗೆ ಕೂತಳು. ಏನಾದರೂ ಹೇಳಬೇಕೆಂದು ನಾನು ಹುಡುಕಿದೆ. ಕೋರ್ಟು, ಪತ್ರಿಕೆ, ಇನ್ನೊಂದು ಅರ್ಜಿ ಎಂದೆಲ್ಲ ಗೊಣಗಿದೆ. ಕಾಕನ ಹೆಂಡತಿಯೂ ಅದೇ ಬಸ್ಸಿಗೆ ಹತ್ತಿದವರು, ಸ್ವಲ್ಪ ದೂರ ಹೋದ ಮೇಲೆ ಎದ್ದು ಬಂದು ಅಕ್ಕನ ಹಿಂದಿನ ಸೀಟಿನಲ್ಲಿ ಕೂತರು. ಸೀಟಿನ ಕಂಬಿ ಹಿಡಿದು ಮುಂದಕ್ಕೆ ಬಾಗಿದರು. ಅವರ ಕಣ್ಣು ಒದ್ದೆಯಾಗಿತ್ತು. ಆದರೂ ಬಸ್ಸಿನವರಿಗೆಲ್ಲ ಕೇಳುವಂತೆ ಹೇಳಿದರು.

"ಅಕ್ಕಾ, ನೀರಿಗೆ ನೀವು ಎಂತ ಬೇಜಾರು ಮಾಡ್ಬೇಡಿ. ನಮ್ಮಲ್ಲಿಗೆ ಬನ್ನಿ. ನಮ್ಮದ್ರಲ್ಲಿ ಬೇಕಾದಷ್ಟು ಉಂಟು."

ಅವರ ಸುರಂಗ ಅಕ್ಕನದ್ದಕ್ಕಿಂತ ಮೊದಲೇ ಬತ್ತಿತ್ತು. ಲಾರಿಯ ಹತ್ತಿರ ಆ ಮಧ್ಯಾಹ್ನಗಳಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕಾಣದ ಹಾಗೆ ಕೊಡ ತುಂಬಿಸಿಕೊಂಡು ಹೋಗುತ್ತಿದ್ದುದು ಅಕ್ಕನಿಗೆ ಗೊತ್ತು, ಅವರಿಗೂ ಗೊತ್ತು. ನಾನು ಬಾಯಿ ತೆರೆದೆ. ಅಕ್ಕ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಒತ್ತಿದಳು.

"ಆಯ್ತು, ಬರ್ತೇನೆ," ಎಂದಳು. "ನಿಮ್ಮಲ್ಲಿ ಉಂಟಲ್ಲ, ಮತ್ತೆಂತ."

ಮರುದಿನ ಬೆಳಿಗ್ಗೆ ಅವಳು ಎಲ್ಲರಿಗೂ ಕಾಣುವ ಹಾಗೆ ರಸ್ತೆಯಲ್ಲೇ ಕೊಡ ಹಿಡಿದು ಆ ಮನೆಗೆ ಹೋದಳು. ಹೋಗದಿದ್ದರೆ ಅವರ ಮನೆಯಲ್ಲಿ ನೀರಿಲ್ಲ ಎಂದು ತಾನೇ ಸಾರಿದಂತೆ ಆಗುತ್ತದೆ ಎಂದಳು. ಲಾರಿಯಿಂದ ಹಿಡಿದು ಡ್ರಮ್ಮಿನಲ್ಲಿ ಮುಚ್ಚಿಟ್ಟಿದ್ದ ನೀರಿನಿಂದ ಅವರು ಅರ್ಧ ಕೊಡ ತುಂಬಿಸಿ ಕೊಟ್ಟರು. ಅಕ್ಕ ಅದನ್ನು ತುಂಬಿದ ಕೊಡದ ಹಾಗೆ ಸೊಂಟ ಬಳುಕಿಸಿ ಹೊತ್ತು ತಂದಳು. ದಾರಿಯಲ್ಲಿ ಸಿಕ್ಕಿದವರು ಕೇಳಿದರೆ, ಕಾಕನ ಮನೆಯ ಸುರಂಗದ್ದು, ಒಳ್ಳೆಯ ನೀರು ಎಂದಳು.